ಕತ್ತಲಾಗುವ ಮೊದಲು ಒಂದು ಸೂರು: ಬೈಕಿನಲ್ಲಿ ಕೊಡಗು ಹಾದುಹೋಗುವವರು ರಾತ್ರಿ ತಂಗುವ ಜಾಗ ಹುಡುಕುವ ಬಗೆ

ಜುಲೈ ತಿಂಗಳ ಒಂದು ಸಂಜೆ, ಆರೂವರೆ ಗಂಟೆ. ಕಕ್ಕಬ್ಬೆ ಹತ್ತಿರ ಒಂದು ತೋಟದ ಗೇಟಿನ ಮುಂದೆ ಬೈಕ್ ನಿಲ್ಲಿಸಿ ನಿಂತಿದ್ದೆ. ಮಳೆ ಬೆಳಗ್ಗೆಯಿಂದ ಒಂದೇ ಸಮ ಹೊಡೆಯುತ್ತಿತ್ತು. ಆ್ಯಪ್ ಒಂದರಲ್ಲಿ ದುಡ್ಡು ಕಟ್ಟಿ ಬುಕ್ ಮಾಡಿದ್ದ ಹೋಂಸ್ಟೇ ಅದು. ಕೊಡೆ ಹಿಡಿದು ಗೇಟಿನವರೆಗೆ ಬಂದ ಮನೆಯವರು ಹೇಳಿದ್ದು ಇಷ್ಟೇ: "ಮಳೆಗಾಲಕ್ಕೆ ಮುಚ್ಚಿ ತಿಂಗಳಾಯಿತಲ್ಲ. ನಿಮಗೆ ಯಾರು ಬುಕ್ ಮಾಡಿಕೊಟ್ಟರು?"

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಗ್ಲೌಸ್ ಹಿಂಡಿದರೆ ನೀರು ಸುರಿಯುತ್ತಿತ್ತು. ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ಒಂದು ಚಿಕ್ಕ ಅಂಗಡಿ ಇನ್ನೂ ತೆರೆದಿತ್ತು. ಒಂದು ಕಾಫಿ ಕೇಳಿ, ಅಂಗಡಿಯ ಅಕ್ಕನಿಗೆ ಇದ್ದ ವಿಷಯ ಹೇಳಿದೆ. ಅವರು ಲ್ಯಾಂಡ್‌ಲೈನಿನಿಂದ ಮೂರು ಮನೆಗೆ ಫೋನ್ ಮಾಡಿದರು. ಮೂರನೆಯ ಮನೆಯಲ್ಲಿ ಜಾಗ ಸಿಕ್ಕಿತು. ಅಂಗಡಿಯಿಂದ ಎರಡು ಕಿಲೋಮೀಟರ್.

ಆ ರಾತ್ರಿಯಿಂದ ನಾನು ಕೊಡಗಿನಲ್ಲಿ ಜಾಗ ಹುಡುಕುವ ರೀತಿಯೇ ಬದಲಾಯಿತು. ಇಲ್ಲಿ ಹಾಸಿಗೆ ಸಿಗುವುದು ಜನರಿಂದ, ಅದೂ ಬೆಳಕು ಇರುವಾಗ. ಹತ್ತು, ಹದಿನೈದು, ಇಪ್ಪತ್ತು ದಿನದ ಬೈಕ್ ಪಯಣದಲ್ಲಿ ಕೊಡಗನ್ನು ಹಾದುಹೋಗುವವರಿಗೆ ನಾನು ಕಲಿತದ್ದನ್ನೆಲ್ಲ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಎರಡು ದಿನದ ವೀಕೆಂಡ್ ಟ್ರಿಪ್ ಬೇರೆ, ಇದು ಬೇರೆ. ದೂರ ಹೋಗುವವರಿಗೆ ಯಾವ ದಿನ ಎಲ್ಲಿ ಇರುತ್ತೇವೆ ಅನ್ನೋದೇ ಮೊದಲು ಗೊತ್ತಿರುವುದಿಲ್ಲ, ಅಲ್ವಾ?

ಹಂತ 1: ನಕ್ಷೆಯನ್ನು ಹಾಸಿಗೆಯ ಲೆಕ್ಕದಲ್ಲಿ ಓದಿ

ಕೊಡಗಿನಲ್ಲಿ ರೈಲು ಇಲ್ಲ. ಬೇರೆ ಜಿಲ್ಲೆಗಳಲ್ಲಿ ರೈಲ್ವೆ ಸ್ಟೇಷನ್ ಎದುರು ಸಾಲಾಗಿ ಸಿಗುವ ಅಗ್ಗದ ಲಾಡ್ಜು ಇಲ್ಲಿ ಸಿಗುವುದಿಲ್ಲ. ಲಾಡ್ಜುಗಳೆಲ್ಲ ಬಸ್ ಸ್ಟ್ಯಾಂಡ್ ಸುತ್ತ, ಅದೂ ನಾಲ್ಕೈದು ಪೇಟೆಗಳಲ್ಲಿ ಮಾತ್ರ. ಮಿಕ್ಕ ಕಡೆ ಹೋಂಸ್ಟೇ, ರೆಸಾರ್ಟ್, ಇಲ್ಲವೇ ಯಾರದಾದರೂ ಮನೆ.

ಈ ಪೇಟೆಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಮೈಸೂರು ಕಡೆಯಿಂದ ಹುಣಸೂರು ದಾಟಿ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಬಂದರೆ ಮೊದಲು ಸಿಗುವುದು ಕುಶಾಲನಗರ. ಬಯಲು ಸೀಮೆಯ ಹಾಗೆ ಸಮತಟ್ಟು, ಮಳೆ ಕಡಿಮೆ, ರಾತ್ರಿ ಊಟಕ್ಕೆ ಹೋಟೆಲು ಜಾಸ್ತಿ. ತಡವಾಗಿ ಬಂದವರಿಗೆ, ಬೈಕ್ ರಿಪೇರಿ ಬೇಕಾದವರಿಗೆ ನನ್ನ ಮೊದಲ ಆಯ್ಕೆ ಇದೇ ಊರು. ಅಲ್ಲಿಂದ ಮಡಿಕೇರಿ ಸುಮಾರು 30 ಕಿಲೋಮೀಟರ್, ಸುಂಟಿಕೊಪ್ಪ ದಾಟಿದ ಮೇಲೆ ಏರು. ಮಡಿಕೇರಿಯಲ್ಲಿ ಎಲ್ಲ ದರದ ರೂಮುಗಳಿವೆ. ರಾಜಾಸೀಟ್ ಬಳಿ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್ ಇದೆ. ಆದರೆ ಶನಿವಾರ ಭಾನುವಾರ ಊರಿಡೀ ತುಂಬಿಹೋಗುತ್ತದೆ, ದರವೂ ಏರುತ್ತದೆ.

ದಕ್ಷಿಣಕ್ಕೆ ವಿರಾಜಪೇಟೆ ಮತ್ತು ಗೋಣಿಕೊಪ್ಪಲು. ಇವೆರಡೂ ವ್ಯಾಪಾರದ ಊರು. ಪ್ರವಾಸಿಗರಿಗಿಂತ ಕೆಲಸದ ಮೇಲೆ ಬಂದವರು ಉಳಿಯುವ ಲಾಡ್ಜುಗಳಿವೆ. ಆದ್ದರಿಂದ ವೀಕೆಂಡಿನಲ್ಲೂ ರೂಮು ಸಿಗುವ ಸಾಧ್ಯತೆ ಮಡಿಕೇರಿಗಿಂತ ಜಾಸ್ತಿ. ಕೇರಳಕ್ಕೆ ಇಳಿಯುವವರು ಇಲ್ಲೇ ತಂಗುವುದು ಒಳ್ಳೆಯದು. ಉತ್ತರಕ್ಕೆ ಸೋಮವಾರಪೇಟೆ, ಶನಿವಾರಸಂತೆ. ಸಕಲೇಶಪುರ ಕಡೆಗೋ ಬಿಸಿಲೆ ಘಾಟಿಯಲ್ಲಿ ಸುಬ್ರಹ್ಮಣ್ಯಕ್ಕೋ ಹೋಗುವವರ ದಾರಿ ಅದು.

ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ, ಶ್ರೀಮಂಗಲ, ಕುಟ್ಟ. ಈ ಕಡೆಗಳಲ್ಲಿ ಜಾಗ ಇದೆ, ಆದರೆ ಚದುರಿಹೋಗಿದೆ. ಒಂದು ಹೋಂಸ್ಟೇ ಇಲ್ಲ ಅಂದರೆ ಇನ್ನೊಂದು ಐದಾರು ಕಿಲೋಮೀಟರ್ ಆಚೆ, ಮಣ್ಣುದಾರಿಯ ಕೊನೆಯಲ್ಲಿ. ಹಾಗಾಗಿ ಈ ಭಾಗಕ್ಕೆ ಹೋಗುವ ದಿನ ಮೊದಲೇ ಫೋನ್ ಮಾಡಿ ಖಚಿತ ಮಾಡಿಕೊಳ್ಳದೆ ಹೊರಡಬೇಡಿ. ಪೇಟೆಗಳಿಗೆ ಸುಮ್ನೆ ಹೋಗಿ ಕೇಳಬಹುದು. ಒಳಗಿನ ಊರುಗಳಿಗೆ ಹಾಗೆ ಹೋಗಬಾರದು.

ಹಂತ 2: ತಿಂಗಳು ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅದರಲ್ಲೂ ಜುಲೈ, ಆಗಸ್ಟ್ ಬಿರುಸು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಮದೆನಾಡು, ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮುಚ್ಚಿಹೋಯಿತು. ಮಕ್ಕಂದೂರು, ಹಟ್ಟಿಹೊಳೆ ಕಡೆ ಊರಿಗೆ ಊರೇ ಖಾಲಿಯಾಯಿತು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿತು. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಮಳೆಗಾಲದಲ್ಲಿ ಕೊಡಗಿನವರು "ಇವತ್ತು ಆ ಕಡೆ ಹೋಗಬೇಡಿ" ಅಂದರೆ ಕಾರಣ ಕೇಳುತ್ತಾ ನಿಲ್ಲಬೇಡಿ, ಅಲ್ಲೇ ಉಳಿಯಿರಿ. ಒಂದು ದಿನ ಹೆಚ್ಚಿಗೆ ಉಳಿಯುವಷ್ಟು ದುಡ್ಡು, ಸಮಯ ಎರಡೂ ಕೈಯಲ್ಲಿರಲಿ.

ಮಳೆಗಾಲದಲ್ಲಿ ಹಲವು ಹೋಂಸ್ಟೇ ಮುಚ್ಚಿರುತ್ತವೆ. ಆ್ಯಪಿನಲ್ಲಿ ಮಾತ್ರ ತೆರೆದಿದೆ ಅಂತಲೇ ತೋರಿಸುತ್ತದೆ. ತೆರೆದಿರುವ ಕಡೆ ದರ ಕಡಿಮೆ, ಜನ ಕಡಿಮೆ, ಮನೆಯವರಿಗೆ ಮಾತಾಡಲು ಪುರುಸೊತ್ತು. ನನಗಂತೂ ಇದೇ ಕಾಲ ಇಷ್ಟ. ಆಗಸ್ಟ್ 3ರ ಸುಮಾರಿಗೆ ಬಂದರೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮದ್ದುಸೊಪ್ಪಿನ ಪಾಯಸ ಕೊಡುತ್ತಾರೆ, ಕಡು ನೇರಳೆ ಬಣ್ಣ. ತಿಂದ ಮೇಲೆ ಮೂತ್ರದ ಬಣ್ಣ ಬದಲಾಗುತ್ತದೆ. ಗಾಬರಿ ಬೇಡ, ಅದು ಸೊಪ್ಪಿನ ಗುಣ.

ರೂಮು ಸಿಗದ ದಿನಗಳೂ ಇವೆ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ಹೊರಡುತ್ತದೆ. ಗೋಣಿಕೊಪ್ಪಲಿನಲ್ಲೂ ದಸರಾ ಜೋರು. ಆ ದಿನ ಮಡಿಕೇರಿ, ಗೋಣಿಕೊಪ್ಪಲು ಎರಡೂ ಕಡೆ ಹಾಸಿಗೆ ಬಿಡಿ, ಬೈಕ್ ನಿಲ್ಲಿಸಲೂ ಜಾಗ ಇರುವುದಿಲ್ಲ. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣ. ಕಾವೇರಿ ತೀರ್ಥೋದ್ಭವಕ್ಕೆ ಜನ ಸೇರುವುದರಿಂದ ಭಾಗಮಂಡಲ ತುಂಬುತ್ತದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ. ಆಗ ಮನೆಯವರ ನೆಂಟರೇ ಬಂದಿರುತ್ತಾರೆ, ರೂಮು ಕೊಡುವುದಿಲ್ಲ. ಕೊಟ್ಟರೆ ನಿಮ್ಮ ಪುಣ್ಯ, ಹಬ್ಬದೂಟ ಸಿಗುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಬೇಸಿಗೆಯಲ್ಲಿ ನಡೆಯುತ್ತದೆ. ಆ ವರ್ಷ ಯಾವ ಊರಿನಲ್ಲಿ ಅಂತ ಕೇಳಿಕೊಳ್ಳಿ, ಫೈನಲ್ ಹತ್ತಿರ ಬಂದಾಗ ಆ ಊರಿನ ಸುತ್ತ ತಂಗುವ ಯೋಜನೆ ಬೇಡ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ತೋಟದ ಮನೆಗಳಲ್ಲಿ ಕಣದ ತುಂಬ ಕಾಫಿ ಹರವಿರುತ್ತಾರೆ. ಖಾಲಿ ಅಂಗಳ ಸಿಕ್ಕಿತು ಅಂತ ಬೈಕನ್ನು ನೇರ ಕಣಕ್ಕೆ ನುಗ್ಗಿಸಬೇಡಿ. ಒಣಗುತ್ತಿರುವ ಕಾಫಿಗೆ ಎಣ್ಣೆ ತಾಗಿದರೆ ವರ್ಷದ ಬೆಳೆಗೆ ತಾಗಿದ ಹಾಗೆ.

ಹಂತ 3: ನಾಲ್ಕು ಗಂಟೆಗೆ ಓಟ ನಿಲ್ಲಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಸಂಜೆ ನಾಲ್ಕಕ್ಕೆ ನೀವು ತಂಗುವ ಊರಿನಲ್ಲಿ ಇರಬೇಕು, ಇಲ್ಲವೇ ತಂಗುವ ಮನೆಗೆ ಹತ್ತು ಕಿಲೋಮೀಟರ್ ಒಳಗಿರಬೇಕು.

ಯಾಕೆ ಅಂದರೆ, ಇಲ್ಲಿ ಕಿಲೋಮೀಟರ್ ಲೆಕ್ಕ ನಂಬಿದರೆ ಕೆಟ್ಟಿರಿ. ಮಡಿಕೇರಿಯಿಂದ ಭಾಗಮಂಡಲ 40 ಕಿಲೋಮೀಟರ್ ಹತ್ತಿರ. ಒಣ ದಿನದಲ್ಲಿ ಒಂದೂಕಾಲು ಗಂಟೆ, ಮಂಜು ಮಳೆ ಇದ್ದರೆ ಎರಡು ಗಂಟೆ ಅಂತ ಇಟ್ಟುಕೊಳ್ಳಿ. ಮರ ಬಿದ್ದಿದ್ದರೆ ಲೆಕ್ಕವೇ ಇಲ್ಲ. ಮರಗಳ ನೆರಳಿನಿಂದ ತೋಟದ ರಸ್ತೆಗಳಲ್ಲಿ ಐದೂವರೆಗೇ ಮಬ್ಬು ಕವಿಯುತ್ತದೆ. ಇನ್ನು ಸಿಗ್ನಲ್ ಹೋದರೆ ನಕ್ಷೆ ಅಲ್ಲಿಗೇ ನಿಲ್ಲುತ್ತದೆ. ಇರುವ ನಕ್ಷೆಯೂ ಕೆಲವು ಸಲ ಹತ್ತಿರದ ದಾರಿ ಅಂತ ಖಾಸಗಿ ಎಸ್ಟೇಟಿನ ಒಳಗೆ ಕಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಆನೆ. ಸಿದ್ದಾಪುರ, ನೆಲ್ಲಿಹುದಿಕೇರಿ, ತಿತಿಮತಿ, ಆನೆಚೌಕೂರು, ಬಾಳೆಲೆ, ಶ್ರೀಮಂಗಲ, ಕುಟ್ಟ. ಈ ಸಾಲಿನಲ್ಲಿ ಕಾಡಾನೆಗಳು ಹಗಲು ತೋಟದಲ್ಲಿ ನಿಂತು, ಸಂಜೆ ರಸ್ತೆ ದಾಟುತ್ತವೆ. ತಿತಿಮತಿ ಹತ್ತಿರ ಒಮ್ಮೆ ರಸ್ತೆ ಮಧ್ಯೆ ಲದ್ದಿ ಬಿದ್ದಿತ್ತು. ಚಳಿಗೆ ಅದರಿಂದ ಹಬೆ ಏಳುತ್ತಿತ್ತು. ಎಡಗಡೆ ಬೇಲಿಯ ತಂತಿ ನೆಲಕ್ಕೆ ಒರಗಿತ್ತು. ಎಂಜಿನ್ ಆಫ್ ಮಾಡಿದಾಗ ಬಿದಿರು ಮುರಿಯುವ ಸದ್ದು ಕೇಳಿಸಿತು. ತಿರುಗಿಸಿಕೊಂಡು ಹಿಂದಿನ ಊರಿಗೆ ಬಂದೆ. ನಿಮಗೂ ಹಾಗೆ ಆದರೆ ಹಾರನ್ ಬೇಡ, ಹೈಬೀಮ್ ಬೇಡ, ಆಕ್ಸಿಲರೇಟರ್ ತಿರುಚಿ ಸದ್ದು ಮಾಡುವುದೂ ಬೇಡ. ದೂರದಲ್ಲೇ ನಿಲ್ಲಿ, ತಿರುಗಿಸುವಷ್ಟು ಜಾಗ ಇಟ್ಟುಕೊಳ್ಳಿ, ಆ ಕಡೆಯಿಂದ ಬಸ್ಸೋ ಜೀಪೋ ಬರುವವರೆಗೆ ಕಾಯಿರಿ.

ಕಾಡಿನ ರಸ್ತೆಗಳಿಗೆ ಹೊತ್ತೂ ಇದೆ. ಬಂಡೀಪುರದ ರಸ್ತೆಗಳು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಹೆಗ್ಗಡದೇವನಕೋಟೆಯಿಂದ ಬಾವಲಿ ಮೂಲಕ ಮಾನಂತವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಕುಟ್ಟಕ್ಕೆ ಹೋಗುವವರು ನಾಗರಹೊಳೆಯ ಒಳಗಿನ ದಾರಿ ನಂಬಿಕೊಳ್ಳದೆ ಗೋಣಿಕೊಪ್ಪಲು, ಪೊನ್ನಂಪೇಟೆ, ಶ್ರೀಮಂಗಲ ಮೇಲೆ ಬನ್ನಿ. ಈ ದಾರಿಯಲ್ಲಿ ಊರುಗಳಿವೆ, ಕೇಳಲು ಜನರಿದ್ದಾರೆ.

ಹಂತ 4: ಎಂಥ ಜಾಗ ಬೇಕು, ತೀರ್ಮಾನ ಮಾಡಿ

ದೂರ ಹೋಗುವಾಗ ಪ್ರತಿ ರಾತ್ರಿಯೂ ಹೋಂಸ್ಟೇಯಲ್ಲಿ ಉಳಿದರೆ ಜೇಬು ತಾಳುವುದಿಲ್ಲ. ಪ್ರತಿ ರಾತ್ರಿಯೂ ಲಾಡ್ಜ್ ಆದರೆ ಊರು ನೋಡಿದ ಹಾಗೆ ಆಗುವುದಿಲ್ಲ. ನಾನು ಎರಡು ರಾತ್ರಿ ಲಾಡ್ಜು, ಒಂದು ರಾತ್ರಿ ಮನೆ ಎಂದು ಲೆಕ್ಕ ಇಟ್ಟುಕೊಳ್ಳುತ್ತೇನೆ. ಬಟ್ಟೆ ಒಗೆಯುವುದು, ಚೈನ್ ಕ್ಲೀನ್ ಮಾಡುವುದು, ಕಾಲು ಚಾಚಿ ಮಲಗುವುದು ಎಲ್ಲ ಆ ಮನೆಯ ದಿನಕ್ಕೆ.

ಲಾಡ್ಜಿನಲ್ಲಿ ದುಡ್ಡು ಕೊಡುವ ಮೊದಲು ರೂಮು ನೋಡಿ. ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ, ರಾತ್ರಿ ಗೇಟು ಹಾಕುತ್ತಾರಾ, ಬೈಕ್ ಎಲ್ಲಿ ನಿಲ್ಲಿಸುವುದು, ಈ ಮೂರನ್ನು ಕೇಳಿ. ಒಂಟಿಯಾಗಿ ಬಂದ ಗಂಡಸಿಗೆ ರೂಮು ಕೊಡಲು ಕೆಲವು ಕಡೆ ಹಿಂದೆಮುಂದೆ ನೋಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಎಲ್ಲಿಂದ ಬಂದೆ, ನಾಳೆ ಎಲ್ಲಿಗೆ ಹೊರಟೆ ಅಂತ ನೀವಾಗಿಯೇ ಹೇಳಿ. ಲೈಸೆನ್ಸ್, ಆಧಾರ್ ಪ್ರತಿ ಕೊಡಿ, ಮನೆಯವರ ನಂಬರ್ ಬರೆಸಿ. ಹೊರಗೆ ನಿಂತ ಬೈಕಿನ ಮೇಲಿನ ಗಂಟುಮೂಟೆ ತೋರಿಸಿದರೆ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ದಾಖಲೆಗಳ ಪ್ರತಿ ಕಾಗದದಲ್ಲೇ ಇರಲಿ. ಸಿಗ್ನಲ್ ಇಲ್ಲದ ಊರಿನಲ್ಲಿ ಫೋನಿನ ದಾಖಲೆ ತೆರೆಯದೇ ಹೋಗಬಹುದು.

ಹೋಂಸ್ಟೇ ವಿಷಯಕ್ಕೆ ಬಂದರೆ, ಕೊಡಗಿನಲ್ಲಿ ಆ ಹೆಸರಿನ ಬೋರ್ಡುಗಳಿಗೆ ಬರ ಇಲ್ಲ. ಹೋಂಸ್ಟೇ ಅಂದರೆ ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಎರಡನ್ನೂ ನೇರವಾಗಿ ಕೇಳಿ, ಒಳ್ಳೆಯವರು ಖುಷಿಯಿಂದಲೇ ಹೇಳುತ್ತಾರೆ. ಮನೆಯವರು ಬೆಂಗಳೂರಿನಲ್ಲಿದ್ದು ಒಬ್ಬ ಹುಡುಗನ ಕೈಗೆ ಕೀ ಕೊಟ್ಟಿರುವ ಕಡೆ ನಾನು ಉಳಿಯುವುದಿಲ್ಲ. ರಾತ್ರಿ ಕರೆಂಟು ಹೋದರೆ, ಜ್ವರ ಬಂದರೆ, ಬೈಕ್ ಕೈಕೊಟ್ಟರೆ ಅಲ್ಲಿ ಕೇಳುವವರಿಲ್ಲ. ದರ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ. ಒಬ್ಬರೇ ಆದರೆ ಪೂರ್ತಿ ರೂಮಿನ ದುಡ್ಡು ಕೇಳುವವರೂ ಇದ್ದಾರೆ. ಮೊದಲೇ ಮಾತಾಡಿಕೊಳ್ಳಿ.

ದೇವಸ್ಥಾನಗಳ ಕಡೆ ಯಾತ್ರಿಕರಿಗೆಂದು ಸರಳ ರೂಮುಗಳು ಇರುತ್ತವೆ. ಕೊಡಗು ಇಳಿದ ಮೇಲೆ ಕುಕ್ಕೆ ಸುಬ್ರಹ್ಮಣ್ಯದಲ್ಲಂತೂ ದೇವಸ್ಥಾನದ್ದೇ ವಸತಿಗೃಹಗಳಿವೆ. ಬೇಗ ಹೋದಷ್ಟೂ ಒಳ್ಳೆಯದು, ಅಲ್ಲಿಯ ನಿಯಮ ಅಲ್ಲಿಯದು. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ, ನಮ್ಮ ಬಾಯಲ್ಲಿ ಐಬಿ, ಸರ್ಕಾರಿ ಕೆಲಸದವರಿಗೆ ಮೊದಲು. ಖಾಲಿ ಇದ್ದರೆ ಸಿಗಬಹುದು, ನಂಬಿಕೊಂಡು ಹೊರಡಬೇಡಿ. ಕುಶಾಲನಗರದ ಪಕ್ಕದ ಬೈಲುಕುಪ್ಪೆ ಮೈಸೂರು ಜಿಲ್ಲೆಗೆ ಸೇರಿದ್ದು. ಅಲ್ಲಿ ಟಿಬೆಟನ್ ಮಠದ ಅತಿಥಿಗೃಹವಿದೆ, ಶುಚಿಯಾಗಿ, ಶಾಂತವಾಗಿ ಇರುತ್ತದೆ. ನಿಮ್ಮ ಜೊತೆ ವಿದೇಶಿ ಗೆಳೆಯರಿದ್ದರೆ ಅವರಿಗೆ ಬೈಲುಕುಪ್ಪೆಯಲ್ಲಿ ರಾತ್ರಿ ಉಳಿಯಲು ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದು ಇಲ್ಲದಿದ್ದರೆ ಹೊಳೆ ದಾಟಿ ಕುಶಾಲನಗರಕ್ಕೆ ಬನ್ನಿ.

ಟೆಂಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದೂರ ಹೋಗುವವರೆಲ್ಲ ಟೆಂಟ್ ಕಟ್ಟಿಕೊಂಡೇ ಬರುತ್ತಾರೆ. ಮೀಸಲು ಅರಣ್ಯದಲ್ಲಿ ಟೆಂಟ್ ಹಾಕುವಂತಿಲ್ಲ, ಅದು ಕಾನೂನು. ತೋಟಗಳು ಖಾಲಿ ಕಾಣುತ್ತವೆ, ಆದರೆ ಪ್ರತಿ ಗಿಡಕ್ಕೂ ಒಡೆಯರಿದ್ದಾರೆ. ಹೊಳೆ ದಡದ ಹುಲ್ಲುಹಾಸು ಎಷ್ಟು ಚೆಂದ ಇದ್ದರೂ ಬೇಡ. ಮೇಲೆ ಬೆಟ್ಟದಲ್ಲಿ ಮಳೆ ಬಿದ್ದರೆ ನೀರು ಏರುವುದು ಗೊತ್ತೇ ಆಗುವುದಿಲ್ಲ. ಇನ್ನು ಹಲಸು. ಮೇ, ಜೂನ್, ಜುಲೈನಲ್ಲಿ ಹಲಸು ಹಣ್ಣಾಗುತ್ತದೆ, ಅದರ ವಾಸನೆಗೆ ಆನೆ ಬರುತ್ತದೆ. ಕಾಫಿ ತೋಟದ ನೆರಳಿಗೆ ಹಲಸಿನ ಮರ ಇದ್ದೇ ಇರುತ್ತದೆ. ಭತ್ತ ಬಲಿಯುವ ಹೊತ್ತಿಗೆ ಗದ್ದೆ ಬದಿಯೂ ಹಾಗೆಯೇ. ಟೆಂಟ್ ಹಾಕಲೇಬೇಕು ಅಂದರೆ ಮನೆಯವರನ್ನು ಕೇಳಿ ಅಂಗಳದಲ್ಲಿ, ಜೀಪ್ ಶೆಡ್ಡಿನಲ್ಲಿ, ಇಲ್ಲವೇ ಕಾಫಿ ಗೋಡೌನಿನ ಜಗಲಿಯಲ್ಲಿ ಹಾಕಿ. ನಾನು ಗೋಡೌನ್ ಜಗಲಿಯಲ್ಲಿ ಮಲಗಿದ್ದೇನೆ. ಚೀಲದೊಳಗಿನ ಒಣ ಕಾಫಿಯ ವಾಸನೆ, ತಗಡಿನ ಮೇಲೆ ಮಳೆ. ಕೆಲವು ದುಬಾರಿ ರೂಮುಗಳಿಗಿಂತ ಚೆನ್ನಾಗಿ ನಿದ್ದೆ ಬಂದಿತ್ತು.

ಹಂತ 5: ಫೋನಿನಲ್ಲಿ ಸರಿಯಾಗಿ ಕೇಳಿ

ಆ್ಯಪಿನಲ್ಲಿ ಜಾಗ ನೋಡಿ, ಫೋಟೋ ನೋಡಿ. ದುಡ್ಡು ಕಟ್ಟುವ ಮೊದಲು ಮನೆಯವರ ಜೊತೆಗೇ ಮಾತಾಡಿ. ಬೆಳಗ್ಗೆ ಹೊರಡುವ ಮೊದಲು ಒಂದು ಸಲ, ಮಧ್ಯಾಹ್ನ ಊಟಕ್ಕೆ ನಿಂತಾಗ ಇನ್ನೊಂದು ಸಲ. ನಾನು ಹೀಗೆ ಶುರು ಮಾಡುತ್ತೇನೆ:

"ನಮಸ್ಕಾರ ಅಕ್ಕಾ, ನಾನು ಬೈಕಿನಲ್ಲಿ ಬರ್ತಾ ಇದ್ದೇನೆ, ಒಬ್ಬನೇ. ಇವತ್ತು ರಾತ್ರಿ ಒಂದು ದಿನಕ್ಕೆ ಜಾಗ ಇದೆಯಾ? ನಾಲ್ಕು ಗಂಟೆಯೊಳಗೆ ಬಂದುಬಿಡ್ತೇನೆ."

ಆಮೇಲೆ ಕೇಳಬೇಕಾದ್ದು: ಟಾರ್ ರಸ್ತೆಯಿಂದ ಮನೆಗೆ ಎಷ್ಟು ದೂರ, ಆ ದಾರಿ ಮಣ್ಣೋ ಕಾಂಕ್ರೀಟೋ, ತುಂಬಿದ ಬೈಕ್ ಹತ್ತುತ್ತದಾ. "ಜೀಪ್ ಬರುತ್ತದೆ" ಅಂದರೆ ಬೈಕ್ ಬರುತ್ತದೆ ಅಂತ ಅರ್ಥ ಅಲ್ಲ. ಜೇಡಿಮಣ್ಣಿನ ಇಳಿಜಾರಿನಲ್ಲಿ ಜೀಪ್ ನಾಲ್ಕು ಚಕ್ರದಲ್ಲಿ ಹತ್ತುತ್ತದೆ, ನೀವು ಸೈಡ್ ಬಾಕ್ಸ್ ಸಮೇತ ಬೀಳುತ್ತೀರಿ. ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ, ಕೊನೆಯ ತಿರುವಿನ ಗುರುತು ಏನು, ಅದನ್ನೂ ಕೇಳಿ ಕಾಗದದಲ್ಲಿ ಬರೆದುಕೊಳ್ಳಿ. "ಸೊಸೈಟಿ ದಾಟಿ ಎರಡನೆಯ ಬಲ ತಿರುವು, ನೀಲಿ ಗೇಟು" ಅನ್ನುವುದು ಲೊಕೇಶನ್ ಪಿನ್‌ಗಿಂತ ಗಟ್ಟಿ.

ಊಟದ ವಿಷಯ ಮಧ್ಯಾಹ್ನವೇ ಹೇಳಿ. ಕೊಡವರ ಮನೆಯಲ್ಲಿ ಕಡುಬು, ಹಂದಿಕರಿ ಮಾಡಿ ಕಾಯುತ್ತಿರುತ್ತಾರೆ, ನೀವು ಹೋಗಿ ಸಸ್ಯಾಹಾರಿ ಅಂದರೆ ಅವರಿಗೂ ಬೇಜಾರು, ನಿಮಗೂ. ಮೊದಲೇ ಹೇಳಿದರೆ ಅಕ್ಕಿ ರೊಟ್ಟಿ, ಮಳೆಗಾಲವಾದರೆ ಕಣಿಲೆ (ಎಳೆ ಬಿದಿರು) ಪಲ್ಯ, ಅಣಬೆ ಎಲ್ಲ ಸಿಗುತ್ತದೆ.

ಗುಂಪಿನಲ್ಲಿ ಬರುವವರು ಎಷ್ಟು ಬೈಕ್ ಅಂತ ಸರಿಯಾಗಿ ಹೇಳಿ. ಎರಡು ಅಂತ ಹೇಳಿ ಆರು ಬಂದರೆ ಮುಂದಿನ ಸಲ ಇನ್ನೊಬ್ಬ ಸವಾರನಿಗೆ ಆ ಗೇಟು ತೆರೆಯುವುದಿಲ್ಲ.

ನನ್ನ ತಂಗಿ ಒಬ್ಬಳೇ ಬೈಕ್ ಓಡಿಸಿಕೊಂಡು ಹೋಗುತ್ತಾಳೆ. ಅವಳ ಕ್ರಮ ಇನ್ನೂ ಬಿಗಿ. ಮನೆಯಲ್ಲಿ ಹೆಂಗಸರು ಇದ್ದಾರಾ ಅಂತ ಕೇಳಿ, ಅವರ ಜೊತೆಗೇ ಫೋನಿನಲ್ಲಿ ಎರಡು ಮಾತಾಡುತ್ತಾಳೆ. ಒಳಗಿನ ಚಿಲಕ ನೋಡಿದ ಮೇಲೆಯೇ ಬ್ಯಾಗ್ ಬಿಚ್ಚುವುದು. ಪೇಟೆಯಲ್ಲಿ ಮುಖ್ಯರಸ್ತೆಗೆ ತಾಗಿದ, ಕೌಂಟರಿನಲ್ಲಿ ರಾತ್ರಿಯಿಡೀ ಜನ ಇರುವ ಹೋಟೆಲೇ ಆಗಬೇಕು. ನಾಳೆ ಎಲ್ಲಿಗೆ ಅಂತ ಯಾರಾದರೂ ಕೇಳಿದರೆ ನಿಜವಾದ ಊರು ಹೇಳುವುದು ಮನೆಯವರಿಗೆ ಮಾತ್ರ.

ಹಂತ 6: ಬುಕ್ ಆಗಿಲ್ಲದಿದ್ದರೆ ಊರಿನಲ್ಲಿ ಕೇಳುವ ಬಗೆ

ಮೂರು ಗಂಟೆ ಆಯಿತು, ಜಾಗ ಗೊತ್ತಾಗಿಲ್ಲ. ಮುಂದೆ ಓಡಿಸಬೇಡಿ. ಮುಂದಿನ ಚಿಕ್ಕ ಪೇಟೆಯಲ್ಲಿ ನಿಲ್ಲಿ. ಹೆಲ್ಮೆಟ್ ತೆಗೆಯಿರಿ, ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ. ಮುಖ ಕಾಣದವರ ಜೊತೆ ಯಾರೂ ಮಾತಾಡುವುದಿಲ್ಲ. ಹೋಟೆಲಿನಲ್ಲಿ ಕೂತು ಒಂದು ಕಾಫಿ ಕುಡಿಯಿರಿ, ಕುಡಿದ ಮೇಲೆ ಕೇಳಿ.

ಯಾರನ್ನು ಕೇಳುವುದು? ನನ್ನ ಅನುಭವದಲ್ಲಿ ಜೀಪ್ ಸ್ಟ್ಯಾಂಡಿನ ಡ್ರೈವರ್‌ಗಳಿಗೆ ಊರಿನ ಎಲ್ಲ ಹೋಂಸ್ಟೇ ಗೊತ್ತು, ಜೊತೆಗೆ ಇವತ್ತು ಯಾವುದು ತೆರೆದಿದೆ ಅನ್ನೋದೂ ಗೊತ್ತು. ಕಮಿಷನ್ ಇರಬಹುದು, ಅದರಲ್ಲಿ ತಪ್ಪಿಲ್ಲ, ದರ ಮಾತ್ರ ಮನೆಯವರ ಹತ್ತಿರವೇ ಖಚಿತ ಮಾಡಿಕೊಳ್ಳಿ. ದಿನಸಿ ಅಂಗಡಿ, ಮೆಡಿಕಲ್ ಸ್ಟೋರ್, ಪೆಟ್ರೋಲ್ ಬಂಕ್ ಕೂಡ ಒಳ್ಳೆಯ ಜಾಗ. "ಅಣ್ಣಾ, ಇಲ್ಲಿ ಹತ್ತಿರದಲ್ಲಿ ಫ್ಯಾಮಿಲಿ ಇರುವ ಮನೆಯಲ್ಲಿ ಒಂದು ರಾತ್ರಿಗೆ ಜಾಗ ಸಿಗಬಹುದಾ?" ಅಂತ ಕೇಳಿ. ಫ್ಯಾಮಿಲಿ ಅನ್ನೋ ಒಂದು ಮಾತಿಗೆ ಉತ್ತರವೇ ಬೇರೆ ಬರುತ್ತದೆ. ಪಾರ್ಟಿ ಮಾಡಲು ಬಂದವರಲ್ಲ ಅಂತ ಅವರಿಗೆ ಅರ್ಥವಾಗುತ್ತದೆ.

ತೋಟದ ಮನೆಗೆ ನೇರ ನುಗ್ಗಬೇಡಿ, ಕತ್ತಲಲ್ಲಂತೂ ಬೇಡವೇ ಬೇಡ. ನಾಯಿಗಳಿರುತ್ತವೆ. ಕೊಡಗಿನ ಮನೆಗಳಲ್ಲಿ ಕೋವಿಯೂ ಇರುತ್ತದೆ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಆನೆ ಹಂದಿ ಕಾಟಕ್ಕೆ ರಾತ್ರಿ ಎಚ್ಚರವಾಗಿಯೂ ಇರುತ್ತಾರೆ. ಗೇಟಿನಲ್ಲಿ ನಿಂತು ಒಂದು ಸಣ್ಣ ಹಾರನ್, ಕೂಗಿ ಹೆಸರು ಹೇಳುವುದು, ಕಾಯುವುದು. ಯಾರಾದರೂ ಬಂದು ಗೇಟು ತೆಗೆದ ಮೇಲೆ ಒಳಗೆ.

ಹಂತ 7: ಮುಟ್ಟಿದ ಮೇಲೆ ಮೊದಲ ಅರ್ಧ ಗಂಟೆ

ಬೈಕಿನ ಕೆಲಸ ಮೊದಲು. ಮಳೆಗೆ ಮೆದುವಾದ ಅಂಗಳದಲ್ಲಿ ಸೈಡ್ ಸ್ಟ್ಯಾಂಡ್ ರಾತ್ರಿಯೊಳಗೆ ಒಳಗಿಳಿದು ಬೈಕ್ ಮಲಗುತ್ತದೆ. ಒಂದು ಚಪ್ಪಟೆ ಕಲ್ಲೋ ಹಲಗೆ ತುಂಡೋ ಕೆಳಗಿಡಿ. ನಾನು ಟ್ಯಾಂಕ್ ಬ್ಯಾಗಿನಲ್ಲಿ ಅಂಗೈಯಗಲದ ಪ್ಲೈವುಡ್ ತುಂಡು ಇಟ್ಟುಕೊಂಡೇ ತಿರುಗುತ್ತೇನೆ. ಇಳಿಜಾರಾದರೆ ಮೂತಿ ಮೇಲ್ಮುಖವಾಗಿ, ಮೊದಲ ಗೇರಿನಲ್ಲಿ. ಬೆಳಗ್ಗೆ ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಆಮೇಲೆ ಜಿಗಣೆ. ಮಳೆಗಾಲದಲ್ಲಿ ಬೂಟು, ಸಾಕ್ಸ್, ಕಾಲರ್ ನೋಡಿಕೊಂಡು ಒಳಗೆ ಹೋಗಿ. ಎಳೆಯಬೇಡಿ, ಸ್ವಲ್ಪ ಉಪ್ಪು ಹಾಕಿದರೆ ಬಿಡುತ್ತದೆ.

ಒದ್ದೆ ಜಾಕೆಟ್ ಒಣಗಿಸುವುದೇ ಕೊಡಗಿನಲ್ಲಿ ದೊಡ್ಡ ಸಮಸ್ಯೆ. ಗಾಳಿಗೆ ಹಾಕಿದರೆ ಮೂರು ದಿನ ಆದರೂ ಒಣಗುವುದಿಲ್ಲ. ಹಳೆಯ ಮನೆಗಳಲ್ಲಿ ಬಚ್ಚಲಲ್ಲಿ ಸೌದೆ ಒಲೆ, ಮೇಲೆ ತಾಮ್ರದ ಹಂಡೆ. ಮನೆಯವರನ್ನು ಕೇಳಿ ಒಲೆಯ ಎದುರು ಹಗ್ಗ ಕಟ್ಟಿಕೊಳ್ಳಿ. ಬೆಂಕಿಗೆ ತೀರಾ ಹತ್ತಿರ ಬೇಡ, ಸಿಂಥೆಟಿಕ್ ಬಟ್ಟೆ ಮುದುಡುತ್ತದೆ. ಬೂಟಿನೊಳಗೆ ಹಳೆ ಪೇಪರ್ ಉಂಡೆ ಮಾಡಿ ತುರುಕಿ, ಮಲಗುವ ಮೊದಲು ಒಮ್ಮೆ ಬದಲಾಯಿಸಿ. ಅವತ್ತು ಕಕ್ಕಬ್ಬೆಯ ಮನೆಯಲ್ಲಿ ಅಜ್ಜಿಯೊಬ್ಬರು ನನ್ನ ಗ್ಲೌಸನ್ನು ತಾವೇ ತೆಗೆದುಕೊಂಡು ಹೋಗಿ ಹಂಡೆಯ ಮುಚ್ಚಳದ ಮೇಲೆ ಕವುಚಿ ಹಾಕಿದ್ದರು. ಬೆಳಗ್ಗೆ ಕೈ ತೂರಿಸಿದಾಗ ಬೆಚ್ಚಗಿತ್ತು, ಹೊಗೆಯ ವಾಸನೆ ಬರುತ್ತಿತ್ತು. ಆ ವಾಸನೆ ಮಂಗಳೂರು ದಾಟುವವರೆಗೂ ಹೋಗಲಿಲ್ಲ.

ಗಾಳಿಮಳೆಗೆ ಕರೆಂಟು ಎರಡು ಮೂರು ದಿನ ಹೋಗುವುದು ಇಲ್ಲಿ ಹೊಸದಲ್ಲ. ಕರೆಂಟು ಇರುವಾಗಲೇ ಎಲ್ಲ ಚಾರ್ಜ್ ಮಾಡಿ. ಟವರ್ ಸತ್ತರೆ ಫೋನಿನಿಂದ ದುಡ್ಡು ಕೊಡಲು ಆಗುವುದಿಲ್ಲ. ಎರಡು ರಾತ್ರಿಗೆ ಆಗುವಷ್ಟು ನಗದು ಬೇರೆ ಜೇಬಿನಲ್ಲಿರಲಿ.

ಹಂತ 8: ಯಾವುದೂ ಸಿಗದಿದ್ದರೆ

ಹಿಂದಕ್ಕೆ ಹೋಗಿ. ಗೊತ್ತಿಲ್ಲದ ದಾರಿಯಲ್ಲಿ ಮುಂದೆ ಹೋಗುವುದಕ್ಕಿಂತ, ಈಗಷ್ಟೇ ಬಂದ ದಾರಿಯಲ್ಲಿ ದೊಡ್ಡ ಪೇಟೆಗೆ ಮರಳುವುದು ಯಾವಾಗಲೂ ಸುರಕ್ಷಿತ. ರಸ್ತೆ ಬಂದ್ ಆಗಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ವಿಷಯ ಹೇಳಿ. ಹೊರಗೆ ಬೆಳಕಿನಲ್ಲಿ ಕೂರಲಾದರೂ ಜಾಗ ಸಿಗುತ್ತದೆ, ಅವರು ಹೇಳಿದರೆ ಲಾಡ್ಜಿನವರು ಬಾಗಿಲು ತೆಗೆಯುತ್ತಾರೆ. ತುರ್ತಿಗೆ 112. ಬಸ್ ತಂಗುದಾಣದಲ್ಲಿ ಮಲಗುವುದು ಬಯಲು ಸೀಮೆಗೆ ಸರಿ. ಆನೆ ತಿರುಗುವ ಊರಿನಲ್ಲಿ ಮೂರು ಗೋಡೆಯ ತಂಗುದಾಣ ಸೂರು ಅಲ್ಲ.

ಹಂತ 9: ಹೊರಡುವ ಮೊದಲು ಮುಂದಿನ ಹಾಸಿಗೆ

ಕೊಡಗಿನಿಂದ ಕರಾವಳಿ, ಕೇರಳದ ಕಡೆ ಇಳಿಯುವ ದಾರಿಗಳು ಹಲವು, ಎಲ್ಲವೂ ಘಾಟಿ ಅಥವಾ ಕಾಡು. ಸಂಪಾಜೆ ಇಳಿದರೆ ಸುಳ್ಯ, ಪುತ್ತೂರಿನಲ್ಲಿ ಲಾಡ್ಜು. ಜೋರು ಮಳೆಯಲ್ಲಿ ಈ ರಸ್ತೆಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದೂ ಇದೆ. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಇರಿಟ್ಟಿ. ಘಾಟಿಯುದ್ದಕ್ಕೂ ಕಾಡೇ, ಬೆಳಗ್ಗೆಯೇ ಹೊರಡಿ. ಕುಟ್ಟದಿಂದ ತೋಲ್ಪೆಟ್ಟಿ ದಾಟಿದರೆ ಮಾನಂತವಾಡಿ. ಭಾಗಮಂಡಲದಿಂದ ಕರಿಕೆ, ಪಾಣತ್ತೂರು ಮೇಲೆ ಕಾಞಂಗಾಡ್ ಕಡೆ ಇಳಿಯುವ ದಾರಿ ನನಗೆ ತುಂಬ ಇಷ್ಟ, ಆದರೆ ಕಿರಿದು, ಕೇಳಲು ಜನ ಕಡಿಮೆ. ಈ ಯಾವ ದಾರಿಯನ್ನೂ ಮಧ್ಯಾಹ್ನ ಎರಡರ ನಂತರ ಶುರು ಮಾಡಬೇಡಿ.

ಬೆಳಗ್ಗೆ ದುಡ್ಡು ಕೊಟ್ಟು, ಚೈನಿಗೆ ಎಣ್ಣೆ ಬಿಟ್ಟು, ಬ್ಯಾಗ್ ಕಟ್ಟಿದ ಮೇಲೆ ಮನೆಯವರನ್ನು ಒಂದು ಮಾತು ಕೇಳಿ: "ಆ ಕಡೆ ನಿಮಗೆ ಗೊತ್ತಿರುವವರು ಯಾರಾದರೂ ಇದ್ದಾರಾ?" ಕೊಡಗಿನಲ್ಲಿ ಎಲ್ಲರಿಗೂ ಎಲ್ಲ ಕಡೆ ನೆಂಟರು. ಕಕ್ಕಬ್ಬೆಯ ಆ ಮನೆಯ ಅಕ್ಕ ನಾನು ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಶ್ರೀಮಂಗಲದ ತಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದ್ದರು. "ಒಬ್ಬರು ಬೈಕಿನವರು ಬರ್ತಾರೆ, ಮಳೆಗೆ ನೆನೆದಿರ್ತಾರೆ, ಬಿಸಿನೀರು ಕಾಯಿಸಿ ಇಡಿ" ಅಂತ. ನಾನು ಅಲ್ಲಿ ಮುಟ್ಟಿದಾಗ ಮೂರೂವರೆ. ಗೇಟು ತೆರೆದೇ ಇತ್ತು.